ಸಾಲಿನ ಕೊನೆಯವಳು

ಕಾಲೇಜಿನ ವಿದ್ಯಾರ್ಥಿ ಭವನದಲ್ಲಿದ್ದ ಮತಗಟ್ಟೆಯನ್ನು ಆ ವರ್ಷ ಎತ್ತಿಬಿಟ್ಟರು. ಖರ್ಚು ಉಳಿಯುತ್ತದಂತೆ. ಹೊಸ ಮತಗಟ್ಟೆ ಊರಾಚೆ, ರೈಲುಹಳಿಯ ಆ ಕಡೆ, ದನಗಳ ಹರಾಜು ನಡೆಯುವ ದೊಡ್ಡ ಶೆಡ್ಡಿನಲ್ಲಿ. ಅತ್ತ ಹೋಗುವ ಬಸ್ಸಿಲ್ಲ. ಟೆಕ್ಸಾಸಿನ ಆ ಊರಿನಲ್ಲಿ ಕಾರಿಲ್ಲದವರಿಗೆ ಕಾಲೇ ಇಲ್ಲ.

ಕೆಜಾಯಳಿಗೆ ಕಾರಿರಲಿಲ್ಲ, ಓಡಿಸಲೂ ಬರುತ್ತಿರಲಿಲ್ಲ. ನರ್ಸಿಂಗ್ ಓದಲು ಪಕ್ಕದ ಲೂಸಿಯಾನದಿಂದ ಬಂದ ಕಪ್ಪು ಹುಡುಗಿ ಅವಳು. ಹಗಲು ತರಗತಿ, ಸಂಜೆ ಕಾಲೇಜಿನ ಭೋಜನಾಲಯದಲ್ಲಿ ತಟ್ಟೆ ತೊಳೆಯುವ ಕೆಲಸ. ಮುಂಚಿತವಾಗಿ ಮತ ಹಾಕಬಹುದಾಗಿದ್ದ ದಿನಗಳೆಲ್ಲ ಆಸ್ಪತ್ರೆಯ ತರಬೇತಿಯಲ್ಲೇ ಕಳೆದುಹೋಗಿದ್ದವು. ಅವಳ ಪಾಲಿಗೆ ಇದು ಮೊದಲ ಮತ. ಚುನಾವಣೆಯ ದಿನ ಮಧ್ಯಾಹ್ನ, ಕೋಣೆಯ ಜೊತೆಗಾತಿ ಲವೋನ್ ತನ್ನ ಹಳೆಯ ಕಾರಿನಲ್ಲಿ ಅವಳನ್ನು ಶೆಡ್ಡಿನ ಮುಂದೆ ಇಳಿಸಿ, "ಲ್ಯಾಬ್ ಮುಗಿಸಿ ನಾನೂ ಬರ್ತೀನಿ, ಅಷ್ಟರೊಳಗೆ ದೇಶ ಉದ್ಧಾರ ಮಾಡಿರು," ಎಂದು ನಕ್ಕು ಹೋದಳು.

ಸಾಲು ಶೆಡ್ಡನ್ನು ಬಳಸಿ ಹಿಂಬದಿಯ ಬೇಲಿಯವರೆಗೂ ಹಬ್ಬಿತ್ತು. ಬಿಸಿಲು ಇಳಿಯುತ್ತ ಬಂದ ಮೇಲೆ ಕೆಜಾಯಳ ಸರದಿ ಬಂತು. ಅವಳ ಮುಂದಿದ್ದ ಗಂಡಸು ಗುರುತಿಗೆಂದು ಪಿಸ್ತೂಲಿನ ಪರವಾನಗಿ ತೋರಿಸಿದ, ಒಳಗೆ ಹೋದ. ಕೆಜಾಯ ಕಾಲೇಜಿನ ಕಾರ್ಡು ಕೊಟ್ಟಳು.

ಮೇಜಿನ ಹಿಂದಿದ್ದ ನರೆಗೂದಲ ಹೆಂಗಸು ತಲೆಯಾಡಿಸಿದಳು. "ಇದು ನಡೆಯಲ್ಲ ಮಗಳೇ."

"ಫೋಟೋ ಇದೆ ಮೇಡಂ. ಸರ್ಕಾರದ್ದೇ ಕಾಲೇಜು."

"ಪಟ್ಟಿಯಲ್ಲಿ ನಿನ್ನ ಹೆಸರೂ ಇದೆ. ಆದ್ರೆ ಈ ಕಾರ್ಡಿಗೆ ಇಲ್ಲಿ ಬೆಲೆ ಇಲ್ಲ."

ಲೂಸಿಯಾನದ ಗುರುತಿನ ಚೀಟಿ ತೆಗೆದಳು. ಅದು ಬೇರೆ ರಾಜ್ಯದ್ದು, ಅದೂ ನಡೆಯಲಿಲ್ಲ.

"ಪಿಸ್ತೂಲಿದ್ರೆ ನಡೆಯುತ್ತೆ, ಪುಸ್ತಕ ಇದ್ರೆ ನಡೆಯಲ್ವಾ?" ಎಂದಳು ಕೆಜಾಯ.

"ಕಾನೂನು ನಾನು ಮಾಡಿದ್ದಲ್ಲಮ್ಮ." ಹೆಂಗಸು ಮುಂದಕ್ಕೆ ಬಾಗಿದಳು. "ಇಲ್ಲಿ ಕೇಳು. ನಿನ್ನ ಹೆಸರು, ಇಲ್ಲಿನ ವಿಳಾಸ ಇರೋ ಸಂಬಳದ ಚೆಕ್ಕೋ ಬ್ಯಾಂಕಿನ ಕಾಗದವೋ ಇದ್ರೆ ತಗೊಂಡು ಬಾ. ಗುರುತಿನ ಚೀಟಿ ಯಾಕೆ ಮಾಡಿಸೋಕಾಗಿಲ್ಲ ಅಂತ ಬರೆದು ಸಹಿ ಹಾಕಿದ್ರೆ ಮತ ಹಾಕಬಹುದು. ಏಳು ಗಂಟೆಗೆ ಮುಚ್ಚುತ್ತೆ, ಅಷ್ಟರೊಳಗೆ ಸಾಲಲ್ಲಿ ನಿಂತಿರಬೇಕು, ಅಷ್ಟೇ."

ಹೊರಗೆ ಬಂದಾಗ ಲವೋನ್ ಸಾಲಿನ ನಡುವೆ ನಿಂತಿದ್ದಳು. ಕೆಜಾಯಳ ಮುಖ ನೋಡಿದವಳೇ ಎಲ್ಲ ಕೇಳಿಸಿಕೊಂಡು ಕಾರಿನ ಕೀಲಿ ತೆಗೆದಳು.

"ನೀನು ಮೊದಲು ವೋಟು ಹಾಕೇ," ಎಂದಳು ಕೆಜಾಯ.

"ನನ್ನ ಸರದಿ ಬರೋದ್ರೊಳಗೆ ಏಳಾಗುತ್ತೆ. ನಡಿ, ವಾಪಸ್ ಬಂದು ಇಬ್ರೂ ನಿಂತ್ಕೊಳ್ಳೋಣ."

ಹಾಸ್ಟೆಲಿಗೆ ಹೋಗಿ, ಕಪಾಟೆಲ್ಲ ಕೆದಕಿ, ಬ್ಯಾಂಕಿನ ಕಾಗದ ಹುಡುಕಿ ಹೊರಟರು. ರೈಲುಹಳಿಯ ಬಳಿ ಗೇಟು ಬಿದ್ದಿತ್ತು. ಗೂಡ್ಸ್ ರೈಲು ಬಸುರಿ ಹಸುವಿನ ಹಾಗೆ ಹೋಗುತ್ತಿತ್ತು. ಡಬ್ಬಿ ಮುಗಿಯಿತೆಂದರೆ ಮತ್ತೊಂದು ಡಬ್ಬಿ. ಲವೋನ್ ಸ್ಟೇರಿಂಗನ್ನು ಬೆರಳಿನಿಂದ ಕುಟ್ಟುತ್ತಲೇ ಇದ್ದಳು.

ಶೆಡ್ಡಿನ ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. "ಇಳಿಯೇ, ಓಡು! ನಾನು ಎಲ್ಲಾದ್ರೂ ನಿಲ್ಲಿಸಿ ಬರ್ತೀನಿ."

ಕೆಜಾಯ ಓಡಿದಳು. ಸಾಲಿನ ತುದಿ ಮುಟ್ಟಿದಳೋ ಇಲ್ಲವೋ, ಪೊಲೀಸಿನವನೊಬ್ಬ ಬಂದು ಅವಳ ಬೆನ್ನ ಹಿಂದೆ ನಿಂತ. "ಏಳಾಯ್ತು. ಈ ಹುಡುಗಿಯೇ ಕೊನೆ."

ಲವೋನ್ ಏದುಸಿರು ಬಿಡುತ್ತ ಬಂದಾಗ ಅವನು ಕೈ ಅಡ್ಡ ಹಿಡಿದ.

"ಇವಳೂ ನನ್ನ ಜೊತೆಗೇ ಬಂದಿದ್ದು ಸಾರ್," ಎಂದಳು ಕೆಜಾಯ. "ಕಾರು ನಿಲ್ಲಿಸೋಕೆ ಹೋಗಿದ್ಲು."

"ಪಾಪ ಅನ್ಸುತ್ತಮ್ಮ. ಒಬ್ಬರನ್ನ ಬಿಟ್ರೆ ಎಲ್ಲರನ್ನೂ ಬಿಡಬೇಕಾಗುತ್ತೆ."

"ಹಾಗಾದ್ರೆ ನನ್ನ ಜಾಗ ಇವಳಿಗೆ ಕೊಡಿ. ಇವಳ ಹತ್ರ ಎಲ್ಲ ಕಾಗದ ಸರಿ ಇದೆ. ನನಗೋಸ್ಕರ ಸಾಲು ಬಿಟ್ಟು ಬಂದವಳು."

ಪೊಲೀಸಿನವನು ಏನೋ ಹೇಳಲು ಹೋದ. ಅಷ್ಟರಲ್ಲಿ ಲವೋನ್ ಗದರಿದಳು: "ಬಾಯಿ ಮುಚ್ಕೊಂಡು ನಿಂತ್ಕೊಳ್ಳೇ! ಆ ರೈಲು ನೋಡ್ತಾ ಹೊಟ್ಟೆ ಉರಿಸ್ಕೊಂಡಿದ್ದು ನೀನು ಇಲ್ಲಿ ತ್ಯಾಗ ಮಾಡ್ಲಿ ಅಂತಲ್ಲ. ಹೋಗು." ಅವಳ ಕಣ್ಣು ತುಂಬಿದ್ದನ್ನು ಕೆಜಾಯ ನೋಡಿದಳು. ನೋಡಿದ್ದು ತಿಳಿಯುತ್ತಲೇ ಲವೋನ್ ಬೆನ್ನು ತಿರುಗಿಸಿ ಕಾರಿನ ಕಡೆಗೆ ನಡೆದಳು.

ಕತ್ತಲಾದ ಮೇಲೆ ಕೆಜಾಯ ಮತ್ತೆ ಅದೇ ಮೇಜಿನ ಮುಂದೆ ನಿಂತಳು. ಗುರುತಿನ ಚೀಟಿ ಯಾಕಿಲ್ಲ ಎಂಬಲ್ಲಿ, "ಚೀಟಿ ಕೊಡುವ ಕಚೇರಿ ತೆರೆದಿರುವ ಹೊತ್ತಿನಲ್ಲಿ ನಾನು ತರಗತಿಯಲ್ಲಿರುತ್ತೇನೆ, ಅಲ್ಲಿಗೆ ಹೋಗಲು ಕಾರಿಲ್ಲ" ಎಂದು ಬರೆದಳು. ಹೆಂಗಸು ಓದಿ ಒಳಗೆ ಬಿಟ್ಟಳು. ಕೆಜಾಯ ಮತ ಹಾಕಿದಳು. ಚಿಕ್ಕವಳಿದ್ದಾಗಿನಿಂದ ಈ ಗಳಿಗೆಯನ್ನು ಕನಸು ಕಂಡಿದ್ದಳು. ಈಗ ಅದರ ಅರ್ಧ ಖುಷಿ ಅಂಗಳದ ಕತ್ತಲಲ್ಲಿ ಕೂತಿತ್ತು.

ಕಾರಿನಲ್ಲಿ ಲವೋನ್ ಬಾರ್ಬೆಕ್ಯೂ ಮಾಂಸದ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದಳು. ಒಂದು ತುಂಡು ಇವಳ ಕಡೆ ಚಾಚಿದಳು. "ಬಿಡೇ, ನನ್ನದೊಂದು ವೋಟಿಂದ ಏನಾಗ್ತಿತ್ತು?"

"ಏನಾಗ್ತಿತ್ತೋ ಗೊತ್ತಿಲ್ಲ. ಅದು ನಿನ್ನದು. ನಿನ್ನ ಕೈಯಿಂದ ತಗೊಂಡುಬಿಟ್ರಲ್ಲ."

ಲವೋನ್ ಕಾಗದದಲ್ಲಿ ಕೈ ಒರೆಸಿಕೊಂಡು, "ನಾಳೆ ಕಾಲೇಜಲ್ಲಿ ಯಾರ‍್ಯಾರಿಗೆ ಹೀಗಾಯ್ತು, ಕೇಳೋಣ. ಎಲ್ಲರೂ ಸೇರಿ ಜಿಲ್ಲೆಯ ಅಧಿಕಾರಿಗಳ ಮುಂದೆ ಹೋಗೋಣ," ಎಂದಳು. "ಆದ್ರೆ ಮಾತಾಡೋದು ನೀನು. ನಾನು ಹೋದ್ರೆ ಬೈದುಬಿಡ್ತೀನಿ."

ಕೆಜಾಯಳಿಗೆ ನಗು ಬಂತು. ಜನರೆದುರು ಮಾತಾಡಿ ಗೊತ್ತಿಲ್ಲದ ಹುಡುಗಿ, ಆದರೂ "ಆಗಲಿ" ಎಂದಳು.