ಅರಂಬೂರಿನಲ್ಲಿ ನಿಂತ ಹೊಳೆ

“ನೀಲಾವತಿಯಕ್ಕಾ, ಮೈಕಲ್ಲಿ ಬರುದು ನಿಮ್ಮದೇ ಸ್ವರ ಅಲ್ವಾ ಮಾರಾಯ್ರೆ?” ಸೌತೆಕಾಯಿ ಹೆಚ್ಚುತ್ತಿದ್ದ ನೆರೆಮನೆಯ ಈಶ್ವರಿ ಕೇಳಿದಳು.

ಅಡುಗೆ ಚಪ್ಪರದಲ್ಲಿ ಕಾಯಿ ಹೆರೆಯುತ್ತಿದ್ದ ನೀಲಾವತಿ ತಲೆ ಎತ್ತಲಿಲ್ಲ. “ಹೌದು. ಹಣೆಯಲ್ಲಿ ಕುಂಕುಮ ಇಲ್ಲದ್ದು ಸ್ವರದಲ್ಲಿ ಕಾಣುದಿಲ್ಲ ಅಲ್ವಾ, ಹಾಗೆ.”

ಮಾತು ಖಾರ, ಆದರೆ ಸುಳ್ಳಲ್ಲ. ಗಂಡ ತೀರಿಹೋಗಿ ಒಂಬತ್ತು ವರ್ಷ. ಆಮೇಲೆ ಆಲೆಟ್ಟಿಯ ಯಾವ ಮದುವೆಯಲ್ಲೂ ಅವಳನ್ನು ಸೋಬಾನೆ ಹಾಡಲು ಕರೆದಿರಲಿಲ್ಲ. ಬೇಡ ಅಂತ ಯಾರೂ ಹೇಳಲಿಲ್ಲ, ಕರೆಯಲಿಲ್ಲ ಅಷ್ಟೆ. ಹೋದ ವರ್ಷ ಪುತ್ತೂರಿನ ದಿಶಾಂತ್ ಪಯಸ್ವಿನಿ ಹೊಳೆಯ ಪದಗಳ ಆಲ್ಬಂ ಮಾಡುತ್ತೇನೆಂದು ಬಂದಿದ್ದ. ಜೀರುಂಡೆಯ ಗಲಾಟೆ ಬೇಡವೆಂದು ಅವನ ಕಾರಿನೊಳಗೆ ಗಾಜು ಏರಿಸಿ ಕೂತು, ಬೆವರು ಇಳಿಯುವಾಗ ಹಾಡಿದ್ದಳು. ಹಾಡಿ ಮುಗಿಸಿ ಅತ್ತೂ ಇದ್ದಳು.

ಇವತ್ತು ತಮ್ಮನ ಮಗಳು ಭವಿತಾಳ ಮದುವೆ. ಹೊಳೆಯಿಂದ ನೀರು ತರುವಾಗಿನ ಪದ ಬಲ್ಲವರು ಊರಲ್ಲಿ ಬೇರೆ ಉಳಿದಿಲ್ಲ. ತಮ್ಮನ ಹೆಂಡತಿ ಸೇವಂತಿ ಉಪಾಯ ಮಾಡಿ ಆಲ್ಬಮ್ಮಿನ ಪದವನ್ನೇ ಹಾಕಿಸಿದ್ದಳು. ಪದದಲ್ಲಿ ಹೊಳೆ ಗುಡ್ಡದಲ್ಲಿ ಹುಟ್ಟಿ, ಊರೂರು ದಾಟಿ, ಮದುವೆ ಮನೆಯ ಅಂಗಳ ಮುಟ್ಟಬೇಕು. ಅಲ್ಲಿವರೆಗೆ ಮದುಮಗಳು ಸೊಂಟದ ಕೊಡ ಇಳಿಸುವ ಹಾಗಿಲ್ಲ.

ಪದದ ಹೊಳೆ ಅರಂಬೂರಿಗೆ ಬಂತು. ಪದ ಫಕ್ಕನೆ ನಿಂತು ಯಾವುದೋ ಕೊಳಲು ಶುರುವಾಯಿತು.

“ಅಯ್ಯೋ ದೇವರೇ, ಬಾಕಿದ್ದು ಎಲ್ಲಿ?” ಸೇವಂತಿ ಗಾಬರಿಯಾದಳು.

“ಇದ್ರಲ್ಲಿ ಇಷ್ಟೇ ಉಂಟು ಅತ್ತೆ. ನಾಲ್ಕು ನಿಮಿಷಕ್ಕೆ ಕತ್ತರಿಸಿದ್ದಾರೆ,” ಎಂದು ಮೈಕ್ ನೋಡಿಕೊಳ್ಳುತ್ತಿದ್ದ ಸೇವಂತಿಯ ಅಣ್ಣನ ಮಗ ಉದಯ ಸ್ಪೀಕರ್ ಬಂದ್ ಮಾಡಿದ.

ಸೇವಂತಿ ಅಡುಗೆ ಚಪ್ಪರದ ಕಡೆ ನೋಡಿದಳು, ನೋಡಿ ಕಣ್ಣು ತಗ್ಗಿಸಿದಳು. ಕರೆಯಲು ಬಾಯಿ ಬರಲಿಲ್ಲ.

ನೀಲಾವತಿಗೆ ಸಿಟ್ಟೇ ಬಂತು. ಬೇಕಾದರೆ ಬಾಯಿಬಿಟ್ಟು ಕರೆಯಲಿ! ಇನ್ನೊಂದು ಕಡಿ ಕಾಯಿ ಕೈಗೆತ್ತಿಕೊಂಡಳು. ಆದರೆ ಭವಿತಾ ಕೊಡವನ್ನು ಮತ್ತೆ ಮತ್ತೆ ಸೊಂಟಕ್ಕೆ ಏರಿಸಿಕೊಳ್ಳುವುದು ಇಲ್ಲಿಗೂ ಕಾಣುತ್ತಿತ್ತು. ತಾನೇ ಎತ್ತಿ ಆಡಿಸಿದ ಮಗು. ಹೆರೆಮಣೆಯಿಂದ ಏಳದೆ, ಕೂತಲ್ಲಿಂದಲೇ, ಪದವನ್ನು ಅರಂಬೂರಿನಿಂದ ಮುಂದಕ್ಕೆ ಎತ್ತಿಕೊಂಡಳು. ಮೊದಲ ಸೊಲ್ಲಿಗೆ ಸ್ವರ ಒಡೆಯಿತು. ಎರಡನೆಯದು ಅಂಗಳದ ಆಚೆಗೂ ಕೇಳಿತು.

ಭವಿತಾ ತಿರುಗಿ ಅಡುಗೆ ಚಪ್ಪರದತ್ತ ನಡೆದಳು.

“ಕೊಡ ಇಳಿಸುದು ಅಲ್ಲಿ ಅಲ್ಲ ಮಗಾ, ಇಲ್ಲಿ!” ಯಾರೋ ಕೂಗಿದರು.

“ಪದ ಅಲ್ಲಿ ಉಂಟಲ್ಲ,” ಎಂದಳು ಅವಳು, ನಿಲ್ಲದೆ.

ಹೊಳೆ ಅಂಗಳ ಮುಟ್ಟುವ ಸೊಲ್ಲಿಗೆ ಸರಿಯಾಗಿ ಬಗ್ಗಿ, ಸೋದರತ್ತೆಯ ಎದುರು ಕೊಡ ಇಳಿಸಿದಳು. ತುಳುಕಿದ ನೀರು ನೀಲಾವತಿಯ ಪಾದ ತೋಯಿಸಿ, ಹೆರೆಮಣೆಯ ಅಡಿಯಿಂದ ಮೆಲ್ಲಗೆ ಹರಿದುಹೋಯಿತು.