ಶುಕ್ರವಾರದ ಮರೀನಾ

ಮರೀನಾ ಬರುತ್ತಿದ್ದಾಳೆಂಬುದು ಅವಳ ಮುಖ ಕಾಣುವ ಮುನ್ನವೇ ಕುವೈತಿನ ಆ ಆಸ್ಪತ್ರೆಯ ಕಾರಿಡಾರಿಗೆಲ್ಲ ತಿಳಿದುಹೋಗುತ್ತಿತ್ತು. ಹಿಮ್ಮಡಿಯನ್ನು ನೆಲಕ್ಕೆ ಗುದ್ದುತ್ತ, ಕೈಗಳೆರಡನ್ನೂ ಬೀಸುತ್ತ, ಎದುರಾದವರು ತಾವಾಗಿಯೇ ಪಕ್ಕಕ್ಕೆ ಸರಿಯುವಂತೆ ಸಾಗುವ ಆ ನಡಿಗೆಯನ್ನು ತಿದ್ದಲು ಹೋಗಿ ಕುಂದಾಪುರದ ಅವಳ ತಾಯಿ ಎಂದೋ ಸೋತಿದ್ದರು. ಐವತ್ತು ದಾಟಿದ ಈ ನರ್ಸಮ್ಮ ಸ್ವರ ತಗ್ಗಿಸುವುದನ್ನೂ ಕಲಿತಿರಲಿಲ್ಲ. ಸೂಜಿ ಚುಚ್ಚಿ "ಖಲಾಸ್, ಅಳಬೇಡಿ" ಎಂದು ಗದರಿದರೆ ಕುವೈತಿ ಅಜ್ಜಂದಿರೂ ನಕ್ಕುಬಿಡುತ್ತಿದ್ದರು.

ಇಂಥವಳು ಒಂದು ಸತ್ಯವನ್ನು ಮಾತ್ರ ಪಿಸುಮಾತಿನಲ್ಲೇ ಬಾಳಬೇಕಾಗಿತ್ತು. ಬ್ನೇದ್ ಅಲ್ ಗಾರ್‌ನ ಫ್ಲ್ಯಾಟಿನಲ್ಲಿ ಅವಳೊಡನಿದ್ದ ಮೊಲ್ಲಿ ನೆರೆಹೊರೆಗೆ ರೂಮ್‌ಮೇಟ್. ಬಾಗಿಲು ಮುಚ್ಚಿದ ಮೇಲೆ ಬಾಳಸಂಗಾತಿ. ಶುಕ್ರವಾರ ಮಧ್ಯಾಹ್ನ ಆ ಬಾಗಿಲು ಅವರಂಥವರಿಗಾಗಿ ತೆರೆಯುತ್ತಿತ್ತು. ಗಂಡಸೊಬ್ಬನನ್ನು ಪ್ರೀತಿಸಿ, ಊರಿನಿಂದ ಬರುವ ಮದುವೆ ಸಂಬಂಧಗಳಿಗೆಲ್ಲ ನೆಪ ಹೇಳಿ ಸುಸ್ತಾಗಿದ್ದ ಉಳ್ಳಾಲದ ಟ್ಯಾಕ್ಸಿ ಚಾಲಕ ನಿಸಾರ್, ಪಾಸ್‌ಪೋರ್ಟಿನಲ್ಲಿ ಗಂಡು ಹೆಸರು ಹೊತ್ತು ಅಲ್ಲಿ ಮಾತ್ರ ಜೋಯ್ಸ್ ಎಂದು ಕರೆಸಿಕೊಳ್ಳುತ್ತಿದ್ದ ಮನಿಲಾದ ಹುಡುಗಿ, ಇನ್ನೂ ಐದಾರು ಮಂದಿ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯ ಸುತ್ತ ಕುಳಿತು, ವಾರವಿಡೀ ನುಂಗಿಕೊಂಡಿದ್ದ ನಗೆಯನ್ನೆಲ್ಲ ನಕ್ಕು ಹೋಗುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅದೇ ಆಸ್ಪತ್ರೆಯಲ್ಲಿ ಮೊಲ್ಲಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಹೊರಡುವ ದಿನ, ವರ್ಷಗಳಿಂದ ಮಾತು ಬಿಟ್ಟಿದ್ದ ಅವಳ ಅಣ್ಣ ಸ್ಯಾಮುವೆಲ್, ಕುವೈತಿನಲ್ಲೇ ಇರುವ ಮಂಗಫ್‌ನಿಂದ ಬಂದು ನಿಂತ.

"ನಡಿ, ನಮ್ಮಲ್ಲಿಗೆ. ಗುಣ ಆದ ಮೇಲೆ ಊರಿಗೆ ಕಳಿಸ್ತೇನೆ. ಈ ಬಾಳು ಸಾಕು."

ಅವನು ಒಡಹುಟ್ಟಿದವನು, ಮರೀನಾ ಯಾರು? ಆ ಪ್ರಶ್ನೆಯನ್ನು ಅವನು ವಾರ್ಡಿನಲ್ಲಿ ಗಟ್ಟಿಯಾಗಿ ಕೇಳಿದ್ದರೆ ಇಬ್ಬರ ಕೆಲಸಕ್ಕೂ, ಇಲ್ಲಿ ವಾಸಿಸಲು ಬೇಕಾದ ಇಕಾಮಾಕ್ಕೂ ಕುತ್ತು. ಮರೀನಾ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಶುಕ್ರವಾರದವರು ಬರತೊಡಗಿದರು. ನಿಸಾರ್ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಜೋಯ್ಸ್ ಯಾರನ್ನೂ ಕೇಳದೆ ಮೊಲ್ಲಿಯ ಕೂದಲು ಬಾಚಲು ಕೂತಳು.

"ಎಂತದಿದು? ಇವರೆಲ್ಲ ಯಾರು?" ಸ್ಯಾಮುವೆಲ್ ಕೇಳಿದ.

ಮೊಲ್ಲಿಯ ದನಿ ಕ್ಷೀಣವಾಗಿತ್ತು, ಆದರೆ ನಡುಗಲಿಲ್ಲ. "ನನ್ನ ಆಪರೇಷನ್ ಮುಗಿಯುವ ತನಕ ಹೊರಗೆ ಕೂತವರು, ಅಣ್ಣ. ನೀನು ಫೋನ್ ಎತ್ತಲಿಲ್ಲ, ಇವರು ರಜೆ ಹಾಕಿ ಬಂದ್ರು. ನಾನು ಮರೀನಾಳ ಜೊತೆಗೇ ಹೋಗುವುದು."

ನಿಸಾರ್ ಗಾಲಿಕುರ್ಚಿ ತಿರುಗಿಸುತ್ತ, "ಬನ್ನಿ ಸ್ಯಾಮುವೆಲಣ್ಣ, ಗಾಡಿಯಲ್ಲಿ ಜಾಗ ಉಂಟು" ಎಂದ. ಫೋನಿನ ಮಾತು ನಾಟಿದ್ದ ಸ್ಯಾಮುವೆಲ್ ತಂಗಿಯ ಚೀಲ ಎತ್ತಿಕೊಂಡ.

ಫ್ಲ್ಯಾಟಿನಲ್ಲಿ ಎಲ್ಲರೊಡನೆ ಕೂತು ಪುಳಿಮುಂಚಿ ಉಂಡು, ಬಿಗುಮಾನ ಬಿಡದೆ, "ಹುಳಿ ಸ್ವಲ್ಪ ಕಡಿಮೆ" ಎಂದ.

"ಹಾಗಾದ್ರೆ ಮುಂದಿನ ಶುಕ್ರವಾರ ನೀವೇ ಮಾಡಿ ಮಾರಾಯ್ರೆ!" ಮರೀನಾಳ ಸ್ವರ ಮೆಟ್ಟಿಲಿನವರೆಗೂ ಕೇಳಿಸಿತು. ಮೊಲ್ಲಿ ಎದೆಯ ಹೊಲಿಗೆ ಹಿಡಿದುಕೊಂಡು ನಕ್ಕಳು. ಮುಂದಿನ ಶುಕ್ರವಾರ ಸ್ಯಾಮುವೆಲ್ ಮೀನಿನ ಚೀಲದೊಂದಿಗೆ ನಿಜವಾಗಿಯೂ ಬಂದ.

ಒಪ್ಪಿಕೊಳ್ಳುವ ನೆಲ ಸಿಗಲೆಂದು ಕಾಯುತ್ತ ಕೂರುವ ಜಾಯಮಾನ ಮರೀನಾಳಂಥವರದಲ್ಲ. ಎರಡು ಬಾಡಿಗೆ ಕೋಣೆಗಳಲ್ಲೇ ಅವರು ಬಳಗವೊಂದನ್ನು ಕಟ್ಟಿ, ಉಣಿಸಿ, ಬೈದು, ಬೆಳೆಸುತ್ತಾರೆ. ತಮ್ಮನ್ನು ಹೊರಗಿಟ್ಟವರು ಬಾಗಿಲಿಗೆ ಬಂದ ದಿನ, ಅವರಿಗೂ ಒಂದು ತಟ್ಟೆ ಹಾಕುತ್ತಾರೆ.