ಹಡಗಿನ ಅಡುಗೆಯವನ ಬೈಗುಳ

ಹಡಗು ಮುಳುಗಿ, ಇಡೀ ದೇಶವೇ ಅತ್ತು ಒಂದು ವರ್ಷವಾಗಿತ್ತು. ಬಂದರಿನಲ್ಲಿ ಸತ್ತವರ ನೆನಪಿಗೆ ಸಭೆ ನಡೆಯಿತು. ಹಲವರನ್ನು ನೀರಿನಿಂದ ಎಳೆದು ಉಳಿಸಿ, ತಾನು ಮಾತ್ರ ವಾಪಸು ಬಾರದ ಹಡಗಿನ ಅಡುಗೆಯವನನ್ನು ಭಾಷಣಕಾರರೆಲ್ಲ ಧೀರ, ಶೂರ ಎಂದು ಬಾಯ್ತುಂಬ ಹೊಗಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿಗೆ ಆ ಮಾತುಗಳಲ್ಲಿ ತನ್ನ ಗಂಡ ಎಲ್ಲೂ ಸಿಗಲಿಲ್ಲ. ಜಿರಲೆ ಕಂಡರೆ ಮಂಚ ಹತ್ತುತ್ತಿದ್ದ ಮನುಷ್ಯ ಅವನು.

ಸಭೆ ಮುಗಿದ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಬಂದು ಅವಳ ಕೈ ಹಿಡಿದುಕೊಂಡಳು.

“ನನ್ನನ್ನ ಎಳೆದು ಹಾಕಿದ್ದು ನಿಮ್ಮ ಯಜಮಾನ್ರೇ ಕಣಮ್ಮ. ನಾನು ಕೈಚೀಲ ಬಿಡದೆ ಒದ್ದಾಡ್ತಿದ್ದೆ. ಚೆನ್ನಾಗಿ ಬೈದುಬಿಟ್ರು.”

“ಏನಂತ ಬೈದ್ರು?”

ಹೆಂಗಸು ಸಂಕೋಚದಿಂದಲೇ ಹೇಳಿದಳು: “‘ಏನ್ ತಾಯಿ, ಮೀನುಗಳಿಗೆ ಸಾಮಾನು ತಗೊಂಡು ಹೊರಟ್ಯಾ? ಬಿಡು ಚೀಲ, ಕೊಡು ಕೈ!’ ಅಂದ್ರು.”

ಹೆಂಡತಿಗೆ ನಗು ಉಕ್ಕಿಬಂತು. ಮನೆಯಲ್ಲೂ ಅವನು ಹೀಗೇ ಬೈಯುತ್ತಿದ್ದ, ದನಿಯಲ್ಲಿ ಸಿಟ್ಟು, ಕಣ್ಣಲ್ಲಿ ತಮಾಷೆ. ನಗುನಗುತ್ತಲೇ ಅವಳು ಆ ಹೆಂಗಸಿನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಇನ್ನೊಂದ್ಸಲ ಹೇಳ್ತೀರಾ ಅಕ್ಕಾ? ಅವರು ಹೇಳಿದ ಹಾಗೇ, ಜೋರಾಗಿ.”

ಸುತ್ತ ಜನ ತಿರುಗಿ ನೋಡುತ್ತಿದ್ದರೂ ಲೆಕ್ಕಿಸದೆ, ಆ ಹೆಂಗಸು ದನಿ ಏರಿಸಿ ಬೈದಳು. ಹೆಂಡತಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು.